ಮಠ, ಶಾಲೆ, ಅಂಕಣ, ಸೌಧ: ಕಟ್ಟಡದ ಪದಗಳು, ಕಲಿಕೆಯ ಅರ್ಥಗಳು



ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಸದ್ಭಕ್ತರು ತಮ್ಮೂರಿನ ಹಳೆಯ ಕಾಗದಪತ್ರಗಳನ್ನು ಓದಿಸಿಕೊಳ್ಳಲು ಆಗಾಗ ಶ್ರೀಮಠದ ಕಾರ್ಯಾಲಯಕ್ಕೆ ಬರುವುದುಂಟು. ಈಚೆಗೆ ಒಂದು ಗ್ರಾಮದ ಹಿರಿಯರು ತಂದ ಲೆಕ್ಕದ ಪುಸ್ತಕದಲ್ಲಿ ‘ಮಠದ ಜಗಲಿ ದುರಸ್ತಿ’ ಎಂಬ ಬಾಬ್ತು ಕಂಡಿತು. “ನಮ್ಮೂರಲ್ಲಿ ಸ್ವಾಮಿಗಳು ಇದ್ದದ್ದೇ ಇಲ್ಲ, ಗದ್ದುಗೆಯೂ ಇಲ್ಲ. ಇದು ಯಾವ ಮಠ ಸ್ವಾಮಿ?” ಎಂದು ಅವರು ಕೇಳಿದರು. ಊರಿನ ನಡುವೆ ಪಾಳುಬಿದ್ದಿದ್ದ ಒಂದು ಹೆಂಚಿನ ಮನೆಯನ್ನು ಕೆಡವಿ ಸಮುದಾಯ ಭವನ ಕಟ್ಟುವ ಯೋಚನೆ ಅವರದು. ಆ ಮನೆಯೇ ಲೆಕ್ಕದಲ್ಲಿರುವ ಮಠ. ಅದು ಅವರ ಅಜ್ಜಂದಿರು ಅಕ್ಷರ ಕಲಿತ ಸ್ಥಳ. ಪದದ ಒಂದು ಅರ್ಥ ಮರೆತುಹೋದದ್ದರಿಂದ ಊರು ತನ್ನ ಮೊದಲ ಪಾಠಶಾಲೆಯನ್ನೇ ಗುರುತಿಸದೆ ಹೋಗಿತ್ತು. ಇಂತಹ ಕೆಲವು ಪದಗಳ ಅರ್ಥವನ್ನು ಭಕ್ತರ ಉಪಯೋಗಕ್ಕಾಗಿ ಇಲ್ಲಿ ವಿವರಿಸಿದ್ದೇವೆ.

ಮಠ

ಇಂದು ಮಠವೆಂದರೆ ಗುರುಪೀಠವಿರುವ ಧಾರ್ಮಿಕ ಸಂಸ್ಥೆ ಎಂದೇ ಸಾಮಾನ್ಯ ತಿಳಿವಳಿಕೆ. ಆದರೆ ಸಂಸ್ಕೃತದ ಅಮರಕೋಶವು ಮಠವನ್ನು ವಿದ್ಯಾರ್ಥಿಗಳೇ ಮೊದಲಾದವರು ನೆಲೆಸುವ ಮನೆಯೆಂದು ಹೇಳುತ್ತದೆ. ನಮ್ಮ ಹಿಂದಿನ ತಲೆಮಾರಿನವರಿಗೆ ‘ಮಠಕ್ಕೆ ಹೋಗುವುದು’ ಎಂದರೆ ಓದು ಬರಹ ಕಲಿಯಲು ಹೋಗುವುದು. ಕಲಿಸುವ ಅಯ್ಯನವರಿಗೆ ಊರವರು ದವಸವನ್ನೋ ಹಣವನ್ನೋ ಕೂಲಿಯಾಗಿ ಕೊಡುತ್ತಿದ್ದುದರಿಂದ ಅದು ‘ಕೂಲಿಮಠ’. ಕಲಿಸುವವರು ಐಗಳಾದ್ದರಿಂದ ‘ಐಗಳ ಮಠ’. ಮಕ್ಕಳು ಮರಳ ಮೇಲೆ ಅಕ್ಷರ ತಿದ್ದಿ, ಬಳಪ ಹಿಡಿದು, ಮುಂದೆ ಕಪ್ಪು ಬಳಿದ ಬಟ್ಟೆಯ ಕಡತದಲ್ಲಿ ಲೆಕ್ಕ ಬರೆಯುತ್ತಿದ್ದರು. ಆದುದರಿಂದ ಹಳೆಯ ಪತ್ರದಲ್ಲಿ ‘ಮಠ’ ಎಂದಿದ್ದರೆ ಅದು ಗುರುಪೀಠವೇ, ಊರ ಶಾಲೆಯೇ ಎಂಬುದನ್ನು ಸಂದರ್ಭ ನೋಡಿಯೇ ನಿರ್ಣಯಿಸಬೇಕು.

ನಿಲಯ, ಛಾತ್ರ, ಛತ್ರ

ನಿಲಯವೆಂದರೆ ವಾಸಸ್ಥಾನ. ‘ವಿದ್ಯಾರ್ಥಿ ನಿಲಯ’, ‘ಪ್ರಸಾದ ನಿಲಯ’ ಎಂಬ ಇಂದಿನ ಮಾತುಗಳು ಮಠಪದದ ಆ ಹಳೆಯ ಅರ್ಥವನ್ನೇ ಬೇರೆ ಹೆಸರಿನಲ್ಲಿ ಉಳಿಸಿಕೊಂಡಿವೆ. ಛಾತ್ರನೆಂದರೆ ವಿದ್ಯಾರ್ಥಿ. ಕೊಡೆಯು ಬಿಸಿಲನ್ನು ಮರೆಮಾಡುವಂತೆ ಗುರುವಿನ ಕುಂದನ್ನು ಮರೆಮಾಡುವವನು ಎಂಬುದು ವ್ಯಾಕರಣಕಾರರ ವಿವರಣೆ. ಆ ಛತ್ರ ಕೊಡೆ. ನಾವು ಮದುವೆಗೆ ಹಿಡಿಯುವ ಛತ್ರವಾದರೋ ಅನ್ನದಾನದ ‘ಸತ್ರ’ದಿಂದ ಬಂದುದು. ಉಚ್ಚಾರದಲ್ಲಿ ಹತ್ತಿರವಾದರೂ ಇವು ಬೇರೆ ಬೇರೆ ಪದಗಳು.

ಶಾಲೆ, ಸಾಲೆ

ಶಾಲೆಯ ಮೂಲಾರ್ಥ ಮನೆ ಅಥವಾ ಹಜಾರ. ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ಹಿಂದಿನ ಪದವೇ ಹೇಳಬೇಕು: ಗೋಶಾಲೆ, ಪಾಕಶಾಲೆ, ಧರ್ಮಶಾಲೆ, ಪರ್ಣಶಾಲೆ, ಪಾಠಶಾಲೆ. ಕಾಲಕ್ರಮದಲ್ಲಿ ಪಾಠ ಎಂಬ ಪದ ಲೋಪವಾದರೂ ಶಾಲೆ ಎಂದೊಡನೆ ಮಕ್ಕಳೇ ಕಣ್ಣಮುಂದೆ ಬರುತ್ತಾರೆ. ಇದರ ತದ್ಭವ ‘ಸಾಲೆ’. ಮನೆಯ ಪಡಸಾಲೆಯಲ್ಲಿ, ನಾಣ್ಯ ಅಚ್ಚುಹಾಕುವ ಟಂಕಸಾಲೆಯಲ್ಲಿ ಅದನ್ನು ಕಾಣುತ್ತೇವೆ. ಟಂಕಸಾಲೆಗೆ ಇನ್ನೊಂದು ಹೆಸರು ‘ಕಮ್ಮಟ’. ಇಂದು ಕಾವ್ಯ ಕಮ್ಮಟ, ವಚನ ಕಮ್ಮಟಗಳಲ್ಲಿ ಅಚ್ಚಾಗುವುದು ನಾಣ್ಯವಲ್ಲ, ಕಲಿಯುವ ಮನಸ್ಸು. ನಮ್ಮ ಸೀಮೆಯ ‘ಗರಡಿಮನೆ’ಯದೂ ಇದೇ ದಾರಿ. ಅದು ಕುಸ್ತಿಯ ಮನೆಯಾದರೂ ‘ಅವರ ಗರಡಿಯಲ್ಲಿ ಪಳಗಿದವನು’ ಎನ್ನುವಾಗ ಯಾವ ವಿದ್ಯೆಗಾದರೂ ಸಲ್ಲುತ್ತದೆ.

ಸಾಲು

ಇದು ಸಾಲೆಗಿಂತ ಬೇರೆಯಾದ ಕನ್ನಡ ಪದ. ಕಂಬದ ಸಾಲು, ಮರದ ಸಾಲು, ಬರಹದ ಸಾಲು ಎಲ್ಲರಿಗೂ ಪರಿಚಿತ. ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರಲ್ಲಿ ಸಾಲು ಎಂದರೆ ಕಥೆಯ ಒಂದು ಭಾಗ. ಮಳವಳ್ಳಿ ತಾಲ್ಲೂಕಿನ ಹಲಗೂರಿನ ಪಾಂಚಾಳರಲ್ಲಿ ಸಿದ್ಧಪ್ಪಾಜಿ ಕಬ್ಬಿಣದ ಭಿಕ್ಷೆ ಬೇಡಿದ ಪ್ರಸಂಗಕ್ಕೆ ‘ಹಲಗೂರು ಸಾಲು’ ಎಂದೇ ಹೆಸರು. ಶಾಲೆಯ ಮೆಟ್ಟಿಲು ಹತ್ತದವರೂ ಈ ಸಾಲುಗಳನ್ನು ಗುರುಮುಖದಿಂದ ಕಲಿತು ಉಳಿಸಿದ್ದಾರೆ.

ಗದ್ದುಗೆ, ಪೀಠ

ಗದ್ದುಗೆ ಎಂದರೆ ಆಸನ, ಅರಸನಿಗೆ ಸಿಂಹಾಸನ, ಮಹಾತ್ಮರು ಲಿಂಗೈಕ್ಯರಾದಾಗ ಅವರ ಸಮಾಧಿಯ ನೆಲೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿರುವ ಮಂಟೇಸ್ವಾಮಿಯವರ ಗದ್ದುಗೆಯನ್ನು ಈ ಭಾಗದವರೆಲ್ಲ ಬಲ್ಲರು. ಪೀಠವು ಶಿಲ್ಪಿಗೆ ಮೂರ್ತಿಯ ತಳಗಲ್ಲು, ನಮಗೆ ಗುರುವಿನ ಸ್ಥಾನ, ನ್ಯಾಯಾಲಯದಲ್ಲಿ ನ್ಯಾಯಪೀಠ, ವಿಶ್ವವಿದ್ಯಾಲಯದಲ್ಲಿ ಅಧ್ಯಯನ ಪೀಠ. ಗ್ರಂಥಕ್ಕೆ ತಳಹದಿಯಾಗುವ ಮೊದಲ ಮಾತು ‘ಪೀಠಿಕೆ’. ಮೇಜು ಕುರ್ಚಿಗಳು ‘ಪೀಠೋಪಕರಣ’. ಸುತ್ತೂರು ಶ್ರೀಮಠದವರು 1954ರಲ್ಲಿ ಸ್ಥಾಪಿಸಿದ ವಿದ್ಯಾಸಂಸ್ಥೆಗೆ ‘ಮಹಾವಿದ್ಯಾಪೀಠ’ವೆಂದು ಹೆಸರಿಟ್ಟಾಗ ಗುರುವಿನ ಆಸನ ಮತ್ತು ವಿದ್ಯೆಯ ತಳಹದಿ ಎಂಬ ಎರಡು ಅರ್ಥಗಳೂ ಒಂದಾದವು.

ಮಂಟಪ, ಸ್ಥಲ

ಮಂಡಪದ ತದ್ಭವ ಮಂಟಪ: ಕಂಬಗಳ ಮೇಲೆ ನಿಂತ ತೆರೆದ ಚಾವಣಿ. ದೇವಾಲಯದಲ್ಲಿ ನವರಂಗ ಮಂಟಪ, ಮದುವೆಯಲ್ಲಿ ಹಸೆಯ ಮಂಟಪ, ಮನೆಯಲ್ಲಿ ಪೂಜಾ ಮಂಟಪ. 12ನೆಯ ಶತಮಾನದ ಕಲ್ಯಾಣದ ಅನುಭವ ಮಂಟಪವನ್ನು ನೆನೆಯುವಾಗ ನಮ್ಮ ಮನಸ್ಸಿಗೆ ಬರುವುದು ಕಂಬಗಳಲ್ಲ. ಅಲ್ಲಮಪ್ರಭುಗಳ ಅಧ್ಯಕ್ಷತೆಯಲ್ಲಿ ಎಲ್ಲ ಕಾಯಕದವರೂ ಕೂಡಿ ನಡೆಸಿದ ಅರಿವಿನ ಚರ್ಚೆ. ಸ್ಥಲವೂ ಹಾಗೆಯೇ. ಲೋಕರೂಢಿಯಲ್ಲಿ ಅದು ಜಾಗ. ಷಟ್‌ಸ್ಥಲದಲ್ಲಿ ಭಕ್ತನಿಂದ ಐಕ್ಯನವರೆಗೆ ಸಾಧಕನು ಏರುವ ಆರು ನೆಲೆಗಳು.

ಅಂಕಣ

ಎರಡು ಕಂಬಗಳ ಅಥವಾ ತೊಲೆಗಳ ನಡುವಣ ಅವಕಾಶ ಅಂಕಣ. ನಮ್ಮ ಹಿರಿಯರು ಮನೆಯ ಅಳತೆಯನ್ನು ಚದರಡಿಯಲ್ಲಿ ಹೇಳುತ್ತಿರಲಿಲ್ಲ. ‘ಮೂರು ಅಂಕಣದ ಮನೆ’, ‘ಐದು ಅಂಕಣದ ತೊಟ್ಟಿಮನೆ’ ಎನ್ನುತ್ತಿದ್ದರು. ಪತ್ರಿಕೆಯ ಪುಟದಲ್ಲಿ ಉದ್ದಕ್ಕೆ ಗೆರೆ ಎಳೆದು ಬಿಡಿಸಿದ ಭಾಗಕ್ಕೆ ಆ ಹೆಸರೇ ಬಂದಿತು. ಅಲ್ಲಿ ನಿಯತವಾಗಿ ಬರೆಯುವವರು ಅಂಕಣಕಾರರು.

ಕಟ್ಟೆ

ಕಟ್ಟು ಎಂಬ ಕ್ರಿಯೆಯಿಂದ ಕಟ್ಟಡ, ಕಟ್ಟಳೆ, ಕಟ್ಟೆ. ಕಾವೇರಿಗೆ 1911ರಲ್ಲಿ ಕಾಮಗಾರಿ ಆರಂಭವಾದ ಕೃಷ್ಣರಾಜಸಾಗರ ನಮ್ಮ ರೈತರ ಬಾಯಲ್ಲಿ ಇಂದಿಗೂ ‘ಕನ್ನಂಬಾಡಿ ಕಟ್ಟೆ’. ಅದರ ವಿಶ್ವೇಶ್ವರಯ್ಯ ನಾಲೆಯ ನೀರೇ ನಮ್ಮ ಮೂರು ತಾಲ್ಲೂಕುಗಳ ಗದ್ದೆಗಳಿಗೆ ಜೀವ. ಊರ ಅರಳಿಕಟ್ಟೆಯಾದರೋ ನ್ಯಾಯ ತೀರ್ಮಾನದ ಜಾಗ. ಒಂದು ಕಟ್ಟೆ ನೀರನ್ನು ನಿಲ್ಲಿಸುತ್ತದೆ, ಇನ್ನೊಂದು ಜಗಳವನ್ನು.

ಸೌಧ

ಸುಧೆ ಎಂದರೆ ಅಮೃತವೂ ಹೌದು, ಸುಣ್ಣವೂ ಹೌದು. ಸುಣ್ಣದ ಗಾರೆ ಮಾಡಿದ ಬಿಳಿಯ ಮಾಳಿಗೆ ‘ಸೌಧ’. ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್ ತಿಂಗಳಲ್ಲಿ ನಿಷೇಧವನ್ನು ಮೀರಿ ಧ್ವಜವನ್ನು ಹಾರಿಸಿದವರ ನೆನಪಿಗೆ ಸತ್ಯಾಗ್ರಹ ಸೌಧ ನಿಂತಿದೆ. ಅದರ ಬೆಲೆ ಅದರ ಗಾರೆಯಲ್ಲಿಲ್ಲವೆಂಬುದು ಅಲ್ಲಿಗೆ ಹೋದ ಯಾರಿಗಾದರೂ ತಿಳಿಯುತ್ತದೆ.

ಈ ಪದಗಳನ್ನು ಒಟ್ಟಿಗೆ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನಮ್ಮ ಹಿರಿಯರು ಕಟ್ಟಡವನ್ನು ಗೋಡೆಯಿಂದ ಗುರುತಿಸಲಿಲ್ಲ, ಒಳಗೆ ನಡೆಯುವ ಕಾಯಕದಿಂದ ಗುರುತಿಸಿದರು. ಸಿದ್ಧಗಂಗೆಯಲ್ಲಿ 1917ರಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾದದ್ದು ಮಠಕ್ಕೆ ಹೊಸತೊಂದನ್ನು ಅಂಟಿಸಿದಂತಲ್ಲ. ಪದದ ಮೂಲಾರ್ಥವನ್ನೇ ಮತ್ತೆ ನಡೆಸಿದಂತೆ. ಪಾಠ ನಿಂತ ಮಠಕ್ಕೂ ಮಕ್ಕಳಿಲ್ಲದ ಶಾಲೆಗೂ ಹೆಸರು ಉಳಿಯುತ್ತದೆ, ಅರ್ಥ ಉಳಿಯುವುದಿಲ್ಲ.

ಆದುದರಿಂದ ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೆ. ನಿಮ್ಮೂರಿನಲ್ಲಿ ಮಠದ ಬೀದಿ, ಮಠದ ಜಗಲಿ, ಮಠದ ಹಿತ್ತಿಲು ಎಂಬ ಹೆಸರುಗಳಿದ್ದರೆ ಕೆಡವುವ ಮೊದಲು ಹಿರಿಯರನ್ನು ಕೇಳಿರಿ: ಅಲ್ಲಿ ಯಾರು ಕೂರುತ್ತಿದ್ದರು, ಏನು ಕಲಿಸುತ್ತಿದ್ದರು? ಗೋಡೆಯ ಗೂಡಿನಲ್ಲಿ, ಅಟ್ಟದಲ್ಲಿ ಕಡತವೋ ಓಲೆಗರಿಯೋ ಉಳಿದಿದ್ದರೆ ಜೋಪಾನ ಮಾಡಿರಿ. ಕಟ್ಟಡ ಉಳಿಸಲಾಗದಷ್ಟು ಶಿಥಿಲವಾಗಿದ್ದರೆ ಅದರ ಛಾಯಾಚಿತ್ರ ತೆಗೆದು, ಕಲಿಸಿದ ಅಯ್ಯನವರ ಹೆಸರನ್ನು ಬರೆದಿಡಿರಿ.

ಆರಂಭದಲ್ಲಿ ಹೇಳಿದ ಗ್ರಾಮದವರು ಭವನದ ಯೋಚನೆಯನ್ನು ಬಿಟ್ಟಿಲ್ಲ. ಆದರೆ ಅದರ ಒಂದು ಅಂಕಣವನ್ನು ಸಂಜೆ ಹೊತ್ತು ಮಕ್ಕಳು ಓದಿಕೊಳ್ಳಲು ಮೀಸಲಿಡುವುದಾಗಿಯೂ, ಅದನ್ನು ‘ಮಠ’ವೆಂದೇ ಕರೆಯುವುದಾಗಿಯೂ ತಿಳಿಸಿದ್ದಾರೆ. ಪದವು ತನ್ನ ಮನೆಗೆ ಮರಳಿದಂತಾಯಿತು.