ಸಬ್ರೀನಾ ಕಾನೂನು, 2005: ಪಠ್ಯ, ತಾರೀಖುಗಳು ಮತ್ತು ಅನಂತರದ ಸಾಕ್ಷ್ಯ

1. ವ್ಯಾಪ್ತಿ

ಕೆನಡಾದ ಒಂಟಾರಿಯೊ ಪ್ರಾಂತ್ಯದ ಶಾಸನಸಭೆ 2005ರಲ್ಲಿ ಅಂಗೀಕರಿಸಿದ ‘ಸಬ್ರೀನಾ ಕಾನೂನು’ ಆ ವರ್ಷದ ಅಧಿನಿಯಮಗಳಲ್ಲಿ 7ನೆಯ ಅಧ್ಯಾಯವಾಗಿ ಅಚ್ಚಾಗಿದೆ. ತೀವ್ರ ಅಲರ್ಜಿಯಿರುವ ಮಕ್ಕಳ ವಿಷಯದಲ್ಲಿ ಶಾಲೆಯ ಹೊಣೆ ಏನೆಂದು ಹೇಳುವ ಶಾಸನಗಳ ಪೈಕಿ ಹೆಚ್ಚಾಗಿ ಉಲ್ಲೇಖಗೊಳ್ಳುವುದು ಇದೇ. ಆದರೆ ಉಲ್ಲೇಖಿಸುವವರೆಲ್ಲ ಪಠ್ಯವನ್ನು ಓದಿರುವಂತೆ ಕಾಣುವುದಿಲ್ಲ. ಕಾನೂನಿನಲ್ಲಿ ಏನಿದೆ, ಏನಿಲ್ಲ ಎಂದು ಬೇರ್ಪಡಿಸುವುದು, ಅದರ ಕಲಂಗಳನ್ನು ಶಾಲೆಗಳಿಗೆ ಸಂಬಂಧಿಸಿದ ಅಧ್ಯಯನಗಳ ಪಕ್ಕದಲ್ಲಿಟ್ಟು ನೋಡುವುದು ಈ ಟಿಪ್ಪಣಿಯ ಉದ್ದೇಶ. ಕರ್ನಾಟಕಕ್ಕೆ ಸಂಬಂಧಿಸಿದ ಅಂಶಗಳು ಕೊನೆಯ ಭಾಗದಲ್ಲಿವೆ.

‘ಅನಾಫಿಲಾಕ್ಸಿಸ್’ ಎಂಬುದನ್ನು ಕಾನೂನು ಬಳಸುವ ಅರ್ಥದಲ್ಲೇ ಇಲ್ಲಿ ಬಳಸಲಾಗಿದೆ: ಇಡೀ ದೇಹವನ್ನು ಆವರಿಸುವ, ರಕ್ತಪರಿಚಲನೆ ಕುಸಿದು ಮಾರಕವಾಗಬಹುದಾದ ತೀವ್ರ ಅಲರ್ಜಿ ಪ್ರತಿಕ್ರಿಯೆ. ಊಟವಾದ ಮೇಲೆ ಮೈ ತುರಿಸುವುದು, ಹಾಲು ಅರಗದೆ ಹೊಟ್ಟೆ ಉಬ್ಬರಿಸುವುದು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ.

2. ಘಟನೆ ಮತ್ತು ತಾರೀಖುಗಳು

ಕಾನೂನಿಗೆ ಹೆಸರಾದ ಸಬ್ರೀನಾ ಶ್ಯಾನನ್ 13 ವರ್ಷದ ವಿದ್ಯಾರ್ಥಿನಿ. ಪೆಂಬ್ರೋಕ್ ಪಟ್ಟಣದ ಪ್ರೌಢಶಾಲೆಗೆ ಸೇರಿದ ಮೊದಲ ವರ್ಷದಲ್ಲೇ, 2003ರ ಸೆಪ್ಟೆಂಬರ್ ಕೊನೆಯಲ್ಲಿ, ಶಾಲೆಯ ಕ್ಯಾಂಟೀನಿನಲ್ಲಿ ಆಲೂಗಡ್ಡೆಯ ಫ್ರೈಸ್ ತಿಂದ ಬಳಿಕ ಕುಸಿದು ತೀರಿಕೊಂಡಳು. ಆಕೆಗೆ ಹಾಲು, ಶೇಂಗಾ ಮತ್ತು ಸೋಯಾ ಅಲರ್ಜಿ ಇತ್ತು. ಕರಿಯುವ ಎಣ್ಣೆ ಯಾವುದೆಂದು ಆಕೆ ಮೊದಲೇ ವಿಚಾರಿಸಿಕೊಂಡಿದ್ದಳು ಎಂಬುದು ಹೆಚ್ಚಿನ ವರದಿಗಳಲ್ಲಿ ಸಮಾನವಾಗಿದೆ. ಮೊದಲ ಲಕ್ಷಣಗಳು ಆಸ್ತಮಾದಂತೆ ಕಂಡವು; ಅಡ್ರಿನಲಿನ್ ಆಟೊ-ಇಂಜೆಕ್ಟರ್ ಆಕೆಯ ಲಾಕರಿನಲ್ಲಿತ್ತು.

ಇಲ್ಲಿ ಒಂದು ವ್ಯತ್ಯಾಸವನ್ನು ದಾಖಲಿಸಬೇಕು. ಈ ಪ್ರಕರಣವನ್ನು ಶೇಂಗಾ ಅಲರ್ಜಿಯ ಸಾವೆಂದು ಹೇಳುವುದು ರೂಢಿಯಾಗಿದೆ. ಸಾವಿನ ಕಾರಣ ಪರಿಶೀಲಿಸಿದ ಅಧಿಕಾರಿ ಗುರುತಿಸಿದ್ದು ಹಾಲಿನ ಅಂಶವನ್ನು. ಗಿಣ್ಣು ಹಾಕಿದ ಇನ್ನೊಂದು ತಿನಿಸನ್ನು ಎತ್ತಿದ ಇಕ್ಕಳದಿಂದಲೇ ಫ್ರೈಸ್ ಎತ್ತಿಕೊಟ್ಟಿರಬಹುದು ಎಂಬುದು ಸಂಭವನೀಯ ವಿವರಣೆ. ಅದನ್ನು ಸಂಭವನೀಯ ಎಂದಷ್ಟೇ ಹೇಳಬಹುದು. ಶಾಲೆಯಲ್ಲಿ ಶೇಂಗಾ ನಿಷೇಧವಿದ್ದಿದ್ದರೂ ಈ ನಿರ್ದಿಷ್ಟ ಘಟನೆ ತಪ್ಪುತ್ತಿತ್ತೆಂದು ಹೇಳಲು ಆಧಾರವಿಲ್ಲ.

ಕಾನೂನಿನ ವರ್ಷ ಕೆಲವೆಡೆ 2005, ಕೆಲವೆಡೆ 2006 ಎಂದು ಬರುತ್ತದೆ. ಡೇವ್ ಲೆವ್ಯಾಕ್ ಅವರ ಖಾಸಗಿ ಸದಸ್ಯ ವಿಧೇಯಕ (ಸಂಖ್ಯೆ 3) 2005ರ ಮೇ ತಿಂಗಳಲ್ಲಿ ಅಂಗೀಕಾರವಾಗಿ, ಜೂನ್‌ನಲ್ಲಿ ರಾಜಸಮ್ಮತಿ ಪಡೆದು, 2006ರ ಜನವರಿ 1ರಂದು ಜಾರಿಗೆ ಬಂತು. ಹಾಗಾಗಿ ಎರಡು ವರ್ಷಗಳೂ ಸರಿ. ಯಾವುದರ ವರ್ಷವೆಂದು ಹೇಳಿದರಾಯಿತು. ‘ಜಗತ್ತಿನಲ್ಲೇ ಮೊದಲನೆಯದು’ ಎಂಬ ವಿಶೇಷಣವನ್ನು ಮಾತ್ರ ಎಚ್ಚರದಿಂದ ಬಳಸಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಶಿಕ್ಷಣ ಇಲಾಖೆ 2002ರಲ್ಲೇ ಶಾಲೆಗಳಿಗೆ ಮಾರ್ಗಸೂಚಿ ಹೊರಡಿಸಿತ್ತು, ಕನೆಕ್ಟಿಕಟ್ 2005ರಲ್ಲೇ ಶಾಸನ ಮಾಡಿತು. ಪ್ರತಿಯೊಂದು ಶಾಲಾ ಮಂಡಳಿಯ ಮೇಲೂ ಇಷ್ಟು ವಿವರವಾದ ಕಡ್ಡಾಯ ಹೊಣೆ ಹೊರಿಸಿದ ಆರಂಭಿಕ ಶಾಸನಗಳಲ್ಲೊಂದು ಎಂದರೆ ಸುರಕ್ಷಿತ.

3. ಎರಡನೆಯ ಕಲಂ: ಶಾಲೆ ಮಾಡಲೇಬೇಕಾದದ್ದು

ಪ್ರತಿ ಶಾಲಾ ಮಂಡಳಿಯೂ ಅನಾಫಿಲಾಕ್ಸಿಸ್ ಕುರಿತ ನೀತಿಯೊಂದನ್ನು ರೂಪಿಸಿ ಪಾಲಿಸಬೇಕು. ತರಗತಿಯಲ್ಲೂ ಎಲ್ಲರೂ ಬಳಸುವ ಜಾಗಗಳಲ್ಲೂ ಅಪಾಯಕಾರಿ ಪದಾರ್ಥದ ಸಂಪರ್ಕವನ್ನು ಕಡಿಮೆ ಮಾಡುವ ಕ್ರಮಗಳು, ಪೋಷಕರಿಗೆ ಮತ್ತು ಸಿಬ್ಬಂದಿಗೆ ಮಾಹಿತಿ ತಲುಪಿಸುವ ವ್ಯವಸ್ಥೆ, ಮಕ್ಕಳೊಂದಿಗೆ ನಿತ್ಯ ಒಡನಾಟವಿರುವ ಎಲ್ಲರಿಗೂ ನಿಯತ ತರಬೇತಿ ಆ ನೀತಿಯಲ್ಲಿ ಇರಬೇಕು. ದಾಖಲಾತಿಯ ಹೊತ್ತಿನಲ್ಲೇ ಜೀವಾಪಾಯದ ಅಲರ್ಜಿ ಇದೆಯೇ ಎಂದು ಕೇಳಬೇಕು. ಅಂಥ ಪ್ರತಿ ಮಗುವಿಗೂ ಮುಖ್ಯೋಪಾಧ್ಯಾಯರು ಪ್ರತ್ಯೇಕ ಯೋಜನೆ ಸಿದ್ಧಪಡಿಸಬೇಕು, ವೈದ್ಯರ ಚೀಟಿ ಮತ್ತು ತುರ್ತು ದೂರವಾಣಿ ಸಂಖ್ಯೆಗಳಿರುವ ಕಡತ ಇಡಬೇಕು. ಔಷಧ ಎಲ್ಲಿರುತ್ತದೆ ಎಂಬುದು, ಅಗತ್ಯವಿದ್ದ ಕಡೆ, ಆ ಯೋಜನೆಯ ಭಾಗ. ಸಬ್ರೀನಾ ಪ್ರಕರಣದ ಲಾಕರನ್ನು ನೆನೆದರೆ ಈ ಅಂಶದ ತೂಕ ತಿಳಿಯುತ್ತದೆ.

ಗಮನಿಸಬೇಕಾದ್ದು: ಯಾವ ಆಹಾರವನ್ನೂ ಈ ಕಾನೂನು ನಿಷೇಧಿಸುವುದಿಲ್ಲ. ಒಂಟಾರಿಯೊದ ಶಾಲೆಗಳಲ್ಲಿ ಶೇಂಗಾ ಬೆಣ್ಣೆ ‘ಸಬ್ರೀನಾ ಕಾನೂನಿನ ಪ್ರಕಾರ’ ನಿಷಿದ್ಧ ಎಂಬ ಹೇಳಿಕೆಗೆ ಪಠ್ಯದಲ್ಲಿ ಆಧಾರವಿಲ್ಲ. ಅಂಥ ನಿಷೇಧಗಳು ಇರುವ ಕಡೆ ಅವು ಮಂಡಳಿಯ ಅಥವಾ ಶಾಲೆಯ ತೀರ್ಮಾನಗಳು.

4. ಮೂರನೆಯ ಕಲಂ: ಸಿಬ್ಬಂದಿಗೆ ಸಿಕ್ಕ ಅನುಮತಿ

ಪ್ರಸ್ತುತ ಓದಿನಲ್ಲಿ ಕಾನೂನಿನ ಅತ್ಯಂತ ಬಲವಾದ ಭಾಗ ಇದು. ಪೋಷಕರ ಒಪ್ಪಿಗೆ ಮತ್ತು ಇತ್ತೀಚಿನ ಚಿಕಿತ್ಸಾ ಮಾಹಿತಿ ಶಾಲೆಯ ಬಳಿ ಇದ್ದರೆ ನೌಕರರಿಗೆ ಔಷಧ ಕೊಡಲು ಮುಂಗಡ ಅಧಿಕಾರ ಕೊಡಬಹುದು. ಅದಕ್ಕಿಂತ ಮುಖ್ಯವಾದದ್ದು ಉಪಕಲಂ (3): ಮಗುವಿಗೆ ಅನಾಫಿಲಾಕ್ಸಿಸ್ ಆಗುತ್ತಿದೆ ಎಂದು ನಂಬಲು ಕಾರಣವಿದ್ದರೆ, ಮುಂಗಡ ಅಧಿಕಾರ ಇಲ್ಲದಿದ್ದರೂ, ಆ ಮಗುವಿಗೆಂದು ಬರೆದುಕೊಟ್ಟ ಆಟೊ-ಇಂಜೆಕ್ಟರನ್ನು ನೌಕರರು ಬಳಸಬಹುದು. ಸದುದ್ದೇಶದಿಂದ ನಡೆದುಕೊಂಡವರ ಮೇಲೆ, ಘೋರ ನಿರ್ಲಕ್ಷ್ಯದಿಂದ ಹಾನಿಯಾದ ಪ್ರಸಂಗ ಬಿಟ್ಟು, ಪರಿಹಾರದ ದಾವೆ ಹೂಡುವಂತಿಲ್ಲ.

ಈ ಅನುಮತಿಗೆ ಸಮಯದ ಲೆಕ್ಕವೇ ಸಮರ್ಥನೆ. ಬ್ರಿಟನ್ನಿನಲ್ಲಿ 1992ರಿಂದ 1998ರವರೆಗೆ ಸಂಭವಿಸಿದ ಮಾರಕ ಅನಾಫಿಲಾಕ್ಸಿಸ್ ಪ್ರಕರಣಗಳನ್ನು ಪಂಫ್ರಿ 2000ದಲ್ಲಿ ವಿಶ್ಲೇಷಿಸಿದರು. ಆಹಾರದಿಂದಾದ ಸಾವುಗಳಲ್ಲಿ ಉಸಿರು ಅಥವಾ ಹೃದಯ ನಿಲ್ಲುವವರೆಗಿನ ಮಧ್ಯಾಂಕ ಅವಧಿ 30 ನಿಮಿಷ. ಎಲ್ಲ ಕಾರಣಗಳನ್ನೂ ಸೇರಿಸಿದರೆ, ಸತ್ತವರಲ್ಲಿ ಶೇ. 62ರಷ್ಟು ಮಂದಿಗೆ ಅಡ್ರಿನಲಿನ್ ಕೊಡಲಾಗಿತ್ತು. ಹೃದಯ ನಿಲ್ಲುವ ಮೊದಲೇ ಕೊಟ್ಟದ್ದು ಶೇ. 14ರಷ್ಟು ಮಂದಿಗೆ ಮಾತ್ರ. ಮಾರಕ ಪ್ರಕರಣಗಳನ್ನಷ್ಟೇ ಆಯ್ದ ಅಧ್ಯಯನವಾದ್ದರಿಂದ ಔಷಧದ ಪರಿಣಾಮವನ್ನು ಇದರಿಂದ ಅಳೆಯುವಂತಿಲ್ಲ. ತಡವಾಗುತ್ತಿತ್ತು ಎಂಬುದಕ್ಕೆ ಮಾತ್ರ ಇದು ಸಾಕ್ಷಿ.

ಕಲಂ 3ರ ಮಿತಿಯೂ ಅದರ ಮಾತಿನಲ್ಲೇ ಇದೆ. ಔಷಧ ‘ಆ ಮಗುವಿಗೆ ಬರೆದುಕೊಟ್ಟದ್ದು’ ಆಗಿರಬೇಕು. ಅಲರ್ಜಿ ಇದೆಯೆಂದು ಯಾರಿಗೂ ಇನ್ನೂ ಗೊತ್ತಿಲ್ಲದ ಮಗುವಿಗೆ ಚೀಟಿಯೂ ಇರುವುದಿಲ್ಲ, ಕಡತವೂ ಇರುವುದಿಲ್ಲ. ಈ ಗುಂಪು ಸಣ್ಣದಲ್ಲ. ಮ್ಯಾಸಚೂಸೆಟ್ಸ್‌ನ 48 ಶಾಲಾ ಜಿಲ್ಲೆಗಳಲ್ಲಿ 2001ರ ಸೆಪ್ಟೆಂಬರ್‌ನಿಂದ 2003ರ ಆಗಸ್ಟ್‌ವರೆಗೆ ಅಡ್ರಿನಲಿನ್ ಚುಚ್ಚಿದ 115 ಪ್ರಸಂಗಗಳನ್ನು ಮೆಕಿಂಟೈರ್ ಮತ್ತು ಸಂಗಡಿಗರು ಪರಿಶೀಲಿಸಿದರು, ಸುಮಾರು ಶೇ. 24ರಲ್ಲಿ ಆ ವ್ಯಕ್ತಿಗೆ ಜೀವಾಪಾಯದ ಅಲರ್ಜಿ ಇರುವುದು ಶಾಲೆಗೆ ತಿಳಿದಿರಲಿಲ್ಲ. ಇದರಲ್ಲಿ ಆಹಾರವಲ್ಲದ ಕಾರಣಗಳೂ ಸೇರಿವೆ ಎಂಬುದನ್ನು ಮರೆಯಬಾರದು. ಅಧ್ಯಯನ ಪ್ರಕಟವಾದದ್ದು 2005ರ ಕೊನೆಯಲ್ಲಿ. ಅಂದರೆ ಒಂಟಾರಿಯೊದ ವಿಧೇಯಕ ಅಂಗೀಕಾರವಾದಾಗ ಈ ಅಂಕಿ ಮುದ್ರಣದಲ್ಲಿ ಇರಲಿಲ್ಲ. ಕರಡು ಬರೆದವರನ್ನು ಈ ಲೋಪಕ್ಕೆ ದೂರುವುದು ನ್ಯಾಯವಲ್ಲ.

ನಂತರದ ಶಾಸನಗಳು ಈ ತೆರಪನ್ನು ತುಂಬಲು ಯತ್ನಿಸಿವೆ. ಅಮೆರಿಕದಲ್ಲಿ 2013ರ ನವೆಂಬರ್ 13ರಂದು ಸಹಿಯಾದ ಫೆಡರಲ್ ಕಾಯ್ದೆ (113-48), ಶಾಲೆಯ ಹೆಸರಿನಲ್ಲೇ ಔಷಧ ದಾಸ್ತಾನು ಇಡುವ ರಾಜ್ಯಗಳಿಗೆ ಅನುದಾನದಲ್ಲಿ ಆದ್ಯತೆ ಕೊಟ್ಟಿತು. ಬ್ರಿಟನ್ನಿನಲ್ಲಿ 2017ರ ಅಕ್ಟೋಬರ್ 1ರಿಂದ ಶಾಲೆಗಳು ಚೀಟಿಯಿಲ್ಲದೆ ಆಟೊ-ಇಂಜೆಕ್ಟರ್ ಖರೀದಿಸಬಹುದಾಯಿತು. ಮೊದಲನೆಯದು ಪ್ರೋತ್ಸಾಹ, ಎರಡನೆಯದು ಅನುಮತಿ. ಎರಡನ್ನೂ ‘ಕಡ್ಡಾಯ’ ಎಂದು ಬರೆಯುವುದು ತಪ್ಪು.

5. ನಿಷೇಧ ಫಲ ಕೊಡುತ್ತದೆಯೇ?

ನೇರ ಸಾಕ್ಷ್ಯ ಕಡಿಮೆ. ಮ್ಯಾಸಚೂಸೆಟ್ಸ್‌ನ ಸರ್ಕಾರಿ ಶಾಲೆಗಳ 2006–2011ರ ಮಾಹಿತಿಯನ್ನು ಬಾರ್ಟ್ನಿಕಾಸ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದರು. ಶೇಂಗಾವನ್ನು ನಿಷೇಧಿಸಿದ ಶಾಲೆಗಳಿಗೂ ನಿಷೇಧಿಸದ ಶಾಲೆಗಳಿಗೂ ಅಡ್ರಿನಲಿನ್ ಬಳಕೆಯ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಊಟಕ್ಕೆ ಶೇಂಗಾರಹಿತ ಪ್ರತ್ಯೇಕ ಮೇಜಿದ್ದ ಶಾಲೆಗಳಲ್ಲಿ ಮಾತ್ರ ಪ್ರಮಾಣ ಕಡಿಮೆ: 10,000 ವಿದ್ಯಾರ್ಥಿಗಳಿಗೆ 0.2, ಮೇಜಿಲ್ಲದ ಕಡೆ 0.6. ಈ ಅಂತರ ಅಂಕಿಅಂಶದ ದೃಷ್ಟಿಯಿಂದ ಗಮನಾರ್ಹವೇ. ಆದರೆ ಇದು ವೀಕ್ಷಣಾತ್ಮಕ ಅಧ್ಯಯನ. ಪ್ರಸಂಗಗಳ ಸಂಖ್ಯೆಯೂ ಸಣ್ಣದು. ಮೇಜು ಕಾರಣವೋ, ಮೇಜು ಇಡುವಷ್ಟು ಎಚ್ಚರವಿರುವ ಶಾಲೆ ಕಾರಣವೋ ಎಂದು ಇದರಿಂದ ಬೇರ್ಪಡಿಸಲಾಗದು.

ಪ್ರತ್ಯೇಕ ಮೇಜಿಗೆ ಒಂದು ಬೆಲೆಯೂ ಇದೆ, ಅದನ್ನು ತೆರುವುದು ಮಗು. ಆಹಾರ ಅಲರ್ಜಿಯಿರುವವರ ಕುರಿತ 353 ಪ್ರಶ್ನಾವಳಿಗಳನ್ನು ಆಧರಿಸಿ ಲೀಬರ್ಮನ್ ಮತ್ತು ಸಂಗಡಿಗರು 2010ರಲ್ಲಿ ವರದಿ ಮಾಡಿದಂತೆ ಶೇ. 24ರಷ್ಟು ಮಂದಿ ಅಲರ್ಜಿಯ ಕಾರಣಕ್ಕೆ ಗೇಲಿಗೋ ಪೀಡನೆಗೋ ಗುರಿಯಾಗಿದ್ದರು. (ಹಿಂದೆ ಹೇಳಿದ ಶೇ. 24ಕ್ಕೂ ಇದಕ್ಕೂ ಸಂಬಂಧವಿಲ್ಲ.) ಅಲರ್ಜಿಯ ಮಗು ಒಂಟಿಯಾಗಿ ಕೂರುವಂತೆ ಮೇಜು ಹಾಕುವುದೂ, ಶೇಂಗಾ ಇಲ್ಲದ ಡಬ್ಬಿ ತಂದ ಗೆಳೆಯರು ಜೊತೆಗೆ ಕೂರುವಂತೆ ಹಾಕುವುದೂ ಒಂದೇ ಅಲ್ಲ.

ಒಂಟಾರಿಯೊದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವಾಸರ್ಮನ್ ಮತ್ತು ಅಂತರರಾಷ್ಟ್ರೀಯ ತಂಡ 2021ರಲ್ಲಿ ಹೊರತಂದ ಮಾರ್ಗಸೂಚಿ ಸಿಬ್ಬಂದಿಯ ತರಬೇತಿ, ಪ್ರತ್ಯೇಕ ಯೋಜನೆ, ಶಾಲೆಯ ಔಷಧ ದಾಸ್ತಾನು ಇವುಗಳ ಪರವಾಗಿದೆ. ಇಡೀ ಶಾಲೆಗೆ ಅನ್ವಯಿಸುವ ಆಹಾರ ನಿಷೇಧದ ಪರವಾಗಿಲ್ಲ. ಎಲ್ಲವೂ ಷರತ್ತುಬದ್ಧ ಶಿಫಾರಸುಗಳು. ಸಾಕ್ಷ್ಯದ ಖಚಿತತೆ ‘ತೀರಾ ಕಡಿಮೆ’ ಎಂದು ತಂಡವೇ ಹೇಳಿದೆ. ನಿಷೇಧ ನಿಷ್ಪ್ರಯೋಜಕವೆಂದು ಸಾಬೀತಾಗಿದೆ ಎಂದು ಇದನ್ನು ಓದಬಾರದು.

6. ಕೈ, ಮೇಜು, ಗಾಳಿ

ತರಗತಿಯ ಮಟ್ಟದಲ್ಲಿ ಎರಡು ಸಣ್ಣ ಪ್ರಯೋಗಗಳು ಹೆಚ್ಚು ಉಪಯುಕ್ತ. ಪೆರಿ ಮತ್ತು ಸಂಗಡಿಗರು (2004) ಶೇಂಗಾ ಬೆಣ್ಣೆ ಸವರಿದ ಕೈಗಳನ್ನು ಬೇರೆ ಬೇರೆ ರೀತಿ ತೊಳೆಸಿ, ಉಳಿದ ಶೇಂಗಾ ಪ್ರೋಟೀನನ್ನು ಅಳೆದರು. ಸೋಪಿನಿಂದ ತೊಳೆದ ಕೈಗಳಲ್ಲಿ ಪತ್ತೆಯಾಗಲಿಲ್ಲ. ಬರೀ ನೀರಿನಲ್ಲಿ ತೊಳೆದ 12 ಕೈಗಳಲ್ಲಿ 3ರಲ್ಲಿ, ಸ್ಯಾನಿಟೈಸರ್ ಹಚ್ಚಿದ 12ರಲ್ಲಿ 6ರಲ್ಲಿ ಪ್ರೋಟೀನ್ ಉಳಿದಿತ್ತು. ಕೋವಿಡ್ ಬಳಿಕ ಶಾಲೆಯ ಬಾಗಿಲಲ್ಲೇ ಸ್ಯಾನಿಟೈಸರ್ ಇಡುವ ಅಭ್ಯಾಸ ಬೆಳೆದಿರುವುದರಿಂದ ಈ ಅಂಶವನ್ನು ಒತ್ತಿ ಹೇಳಬೇಕಾಗಿದೆ: ಅದು ರೋಗಾಣುವನ್ನು ಕೊಲ್ಲಬಹುದು, ಪ್ರೋಟೀನನ್ನು ತೆಗೆಯುವುದಿಲ್ಲ.

ಸಿಮಾಂಟೆ ಮತ್ತು ಸಂಗಡಿಗರು (2003) ತೀವ್ರ ಶೇಂಗಾ ಅಲರ್ಜಿಯಿದ್ದ 30 ಮಕ್ಕಳಿಗೆ ಶೇಂಗಾ ಬೆಣ್ಣೆಯನ್ನು ಚರ್ಮಕ್ಕೆ ತಾಗಿಸಿ, ಬೇರೆಯಾಗಿ ಅದರ ವಾಸನೆಯನ್ನೂ ಹೀರಿಸಿ ನೋಡಿದರು. ತಾಗಿದ ಜಾಗದಲ್ಲಿ ಕೆಲವರಿಗೆ ಕೆಂಪು, ತುರಿಕೆ. ಇಡೀ ದೇಹದ ಪ್ರತಿಕ್ರಿಯೆ ಯಾರಿಗೂ ಆಗಲಿಲ್ಲ. ಪಕ್ಕದವರ ಡಬ್ಬಿಯಿಂದ ಬರುವ ಶೇಂಗಾ ವಾಸನೆಯ ಭಯವನ್ನು ಇದು ಸಾಕಷ್ಟು ಕಡಿಮೆ ಮಾಡುತ್ತದೆ. ಆದರೆ ಕುದಿಯುವ ಹಾಲಿನ, ಬೇಯುವ ಮೀನಿನ ಹಬೆಗೆ ಈ ಫಲಿತಾಂಶವನ್ನು ವಿಸ್ತರಿಸುವಂತಿಲ್ಲ. ಕೈಯನ್ನು ಬಾಯಿಗೆ ಒಯ್ಯುವ ಪುಟ್ಟ ಮಕ್ಕಳಿಗೂ ವಿಸ್ತರಿಸುವಂತಿಲ್ಲ.

7. ಕರ್ನಾಟಕಕ್ಕೆ ಸಂಬಂಧಿಸಿದಂತೆ

ಯುರೋಪ್ರಿವಾಲ್ ಎಂಬ ಅಂತರರಾಷ್ಟ್ರೀಯ ಯೋಜನೆಯಡಿ ಕರ್ನಾಟಕದ ವಯಸ್ಕರಲ್ಲಿ ನಡೆದ ಸಮೀಕ್ಷೆಯನ್ನು ಪಿ. ಎ. ಮಹೇಶ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದರು. ರಕ್ತಪರೀಕ್ಷೆಯಲ್ಲಿ ಯಾವುದಾದರೂ ಆಹಾರಕ್ಕೆ ಸಂವೇದನೆ ಕಂಡದ್ದು ಶೇ. 26.5; ಲಕ್ಷಣಗಳೂ ಸೇರಿ ‘ಸಂಭವನೀಯ ಅಲರ್ಜಿ’ ಎನ್ನಬಹುದಾದದ್ದು ಶೇ. 1.2. ಈ ಎರಡು ಅಂಕಿಗಳ ನಡುವಿನ ದೂರವೇ ಶಾಲೆಗಳಿಗೆ ಮುಖ್ಯ: ಪ್ರಯೋಗಾಲಯದ ವರದಿಯೊಂದನ್ನೇ ನೋಡಿ ಮಗುವಿನ ಊಟದಿಂದ ಹತ್ತಾರು ಪದಾರ್ಥ ತೆಗೆಯುವುದಕ್ಕೆ ಇದು ಬೆಂಬಲ ಕೊಡುವುದಿಲ್ಲ. ಇದೇ ಯೋಜನೆಯ ಮಕ್ಕಳ ಸಮೀಕ್ಷೆ (6ರಿಂದ 11 ವರ್ಷ, 2020ರಲ್ಲಿ ಪ್ರಕಟ) ಭಾರತದ ಕೇಂದ್ರದಲ್ಲಿ ಕಂಡ ಪ್ರಮಾಣ ಶೇ. 0.14, ಹಾಂಗ್‌ಕಾಂಗ್‌ನಲ್ಲಿ ಶೇ. 1.50. ಅಮೆರಿಕಕ್ಕೆ 2011ರಿಂದ ಉಲ್ಲೇಖಗೊಳ್ಳುತ್ತಿರುವ ಶೇ. 8 ಪೋಷಕರ ಹೇಳಿಕೆಯನ್ನು ಆಧರಿಸಿದ್ದು, ಅದನ್ನು ಶೇ. 0.14ರ ಎದುರಿಗಿಟ್ಟು ಹೋಲಿಸುವುದು ಕ್ರಮವಲ್ಲ.

ಪ್ರಮಾಣ ಕಡಿಮೆಯಿದ್ದರೂ ಸಂಪರ್ಕ ಹೆಚ್ಚು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು. ಆನಂತರ ಬಿಸಿಯೂಟದ ಜೊತೆ ಮೊಟ್ಟೆ. 2022ರಿಂದ ಕೆಲಕಾಲ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ. ಹಾಲು, ಮೊಟ್ಟೆ, ಶೇಂಗಾ ಮೂರೂ ಪ್ರಮುಖ ಅಲರ್ಜಿಕಾರಕಗಳು. ಬದಲಿ ತಿನಿಸಿನ ಏರ್ಪಾಡು ಆಹಾರಪದ್ಧತಿಯನ್ನು ಗಮನಿಸಿದ್ದು, ಅಲರ್ಜಿಯನ್ನಲ್ಲ; ಆದರೂ ಮಕ್ಕಳನ್ನು ಕೇಳಿ ಬಡಿಸುವ ಕ್ರಮ ಈಗಾಗಲೇ ರೂಢಿಯಲ್ಲಿದೆ ಎಂಬುದು ಸಣ್ಣ ಸಂಗತಿಯಲ್ಲ. ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳು ಪೊಟ್ಟಣದ ಮೇಲೆ ಅಲರ್ಜಿಕಾರಕಗಳನ್ನು ನಮೂದಿಸಬೇಕೆನ್ನುತ್ತವೆ. ಹಂಡೆಯಿಂದ ಸೌಟಿನಲ್ಲಿ ಬಡಿಸುವ ಸಾಂಬಾರಿಗೆ ಪೊಟ್ಟಣವಿಲ್ಲ. ಅಲ್ಲಿ ಮಾಹಿತಿ ಇರುವುದು ಅಡುಗೆಯವರ ಬಳಿ. ಒಂಟಾರಿಯೊ ಕಾನೂನಿನ ತರಬೇತಿಯ ಅಂಶವನ್ನು ಇಲ್ಲಿಗೆ ಅನ್ವಯಿಸುವುದಾದರೆ ಅದು ಶಿಕ್ಷಕರಿಗಿಂತ ಮೊದಲು ಅಡುಗೆಯವರಿಂದ ಆರಂಭವಾಗಬೇಕು.

ಸಬ್ರೀನಾ ಕಾನೂನಿಗೆ ಸಮಾನವಾದ ಪ್ರತ್ಯೇಕ ಶಾಸನ ಭಾರತದಲ್ಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಆಹಾರ ಅಲರ್ಜಿ ಸೇರಿಲ್ಲ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ ನೆರವಿಗೆ ಬಂದವರನ್ನು ರಕ್ಷಿಸುತ್ತದೆ, ಆದರೆ ರಸ್ತೆ ಅಪಘಾತಗಳಲ್ಲಿ ಮಾತ್ರ. ಔಷಧದ ರೂಪವೂ ಬೇರೆ. ಆಟೊ-ಇಂಜೆಕ್ಟರ್ ಇಲ್ಲಿನ ಸಾಮಾನ್ಯ ಔಷಧ ಅಂಗಡಿಗಳಲ್ಲಿ ಸಿಗುವ ವಸ್ತುವಲ್ಲ. ಸಿಗುವುದು 1 ಮಿ.ಲೀ.ನಲ್ಲಿ 1 ಮಿ.ಗ್ರಾಂ ಅಡ್ರಿನಲಿನ್ ಇರುವ ಗಾಜಿನ ಆಂಪೂಲ್. ಕೆ.ಜಿ.ಗೆ 0.01 ಮಿ.ಗ್ರಾಂ ಲೆಕ್ಕದಲ್ಲಿ 20 ಕೆ.ಜಿ. ಮಗುವಿಗೆ 0.2 ಮಿ.ಲೀ., ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ. ಆಂಪೂಲಿನ ಕತ್ತು ಮುರಿದು, ಸಿರಿಂಜಿಗೆ ಎಳೆದು, ಅಳತೆ ನೋಡಿ ಚುಚ್ಚುವುದು ತರಬೇತಿಯಿಲ್ಲದ ಶಿಕ್ಷಕರಿಂದ ನಿರೀಕ್ಷಿಸಬಹುದಾದ ಕೆಲಸವಲ್ಲ. ಆದ್ದರಿಂದ ಕಲಂ 3ಕ್ಕಿಂತ ಮೊದಲು ಇಲ್ಲಿಗೆ ಒಗ್ಗುವುದು ಕಲಂ 2: ದಾಖಲಾತಿಯ ಪ್ರಶ್ನೆ ಮತ್ತು ಮಗುವಿನ ಹೆಸರಿನ ಯೋಜನೆ. ಅವಕ್ಕೆ ಔಷಧವೂ ಬೇಡ, ಹೊಸ ಶಾಸನವೂ ಬೇಡ. ಪಂಫ್ರಿಯವರ 30 ನಿಮಿಷವನ್ನು ಸ್ಥೂಲ ಮಿತಿಯೆಂದು ಒಪ್ಪಿದರೆ, ಆ ಹಾಳೆಯಲ್ಲಿ ಎಲ್ಲಕ್ಕಿಂತ ಮೇಲೆ ಬರೆಯಬೇಕಾದ್ದು, ಶಾಲೆಯ ಅವಧಿಯಲ್ಲಿ ಆಂಪೂಲೂ ಅದನ್ನು ಕೊಡಬಲ್ಲ ಸಿಬ್ಬಂದಿಯೂ ಇರುವ ಅತಿ ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿಗೆ ಎಷ್ಟು ನಿಮಿಷ, ಕರೆದೊಯ್ಯುವ ವಾಹನ ಯಾರದು ಎಂಬುದು.