ರೇಸಿನ ವಿಮಾನ ಯುದ್ಧಕ್ಕೆ ಸಲ್ಲುತ್ತಿತ್ತೇ?

ಸೂಪರ್‌ಮರೀನ್ ಎಸ್.6ಬಿ 1931ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿಗೆ ಜಲವಿಮಾನಗಳ ರೇಸಾದ ಷ್ನೈಡರ್ ಟ್ರೋಫಿಯನ್ನು ಗೆದ್ದುಕೊಟ್ಟಿತು. ಅದೇ ತಿಂಗಳು ಗಂಟೆಗೆ ಸುಮಾರು 655 ಕಿ.ಮೀ. ವೇಗದಲ್ಲಿ ಹಾರಿ ವಿಶ್ವದಾಖಲೆ ಬರೆಯಿತು. 1938ರಲ್ಲಿ ವಾಯುಪಡೆ ಸೇರಿದ ಸ್ಪಿಟ್‌ಫೈರ್ ಕೂಡ ಇಷ್ಟು ವೇಗವಾಗಿರಲಿಲ್ಲ. ಹಾಗಾದರೆ ಇದಕ್ಕೇ ಮೆಷಿನ್‌ಗನ್ ಜೋಡಿಸಿ ಯುದ್ಧಕ್ಕೆ ಕಳಿಸಬಹುದಿತ್ತಲ್ಲ ಎಂದು ಅನಿಸುವುದು ಸಹಜ. ಆದರೆ ಆ ವೇಗಕ್ಕೆ ತೆತ್ತ ಬೆಲೆಯನ್ನೂ ನೋಡಬೇಕು. ಸುಮಾರು 2,350 ಅಶ್ವಶಕ್ತಿಯ ರೋಲ್ಸ್‌ರಾಯ್ಸ್ ‘ಆರ್’ ಎಂಜಿನ್ ವಿಶೇಷ ಮಿಶ್ರಣದ ಇಂಧನವಿಲ್ಲದೆ ಆ ಶಕ್ತಿ ಕೊಡುತ್ತಿರಲಿಲ್ಲ, ಕೊಟ್ಟರೂ ಅಲ್ಪಕಾಲ ಮಾತ್ರ. ಎಂಜಿನ್ನಿನ ಬಿಸಿನೀರು ತಣಿಯುತ್ತಿದ್ದುದು ರೆಕ್ಕೆಗಳ ಹೊರಮೈಯಲ್ಲೇ. ಅಲ್ಲಿಗೆ ಒಂದು ಗುಂಡು ತಾಗಿದರೂ ಕಥೆ ಮುಗಿದಂತೆ. ನೀರಿನ ಮೇಲೆ ಇಳಿಯಲು ಇದ್ದ ಫ್ಲೋಟ್‌ಗಳನ್ನು ಕಳಚಿದರೆ ವೇಗ ಇನ್ನೂ ಹೆಚ್ಚುತ್ತಿತ್ತು ಎನ್ನುವ ವಾದ ಸುಳ್ಳಲ್ಲ. ಆದರೆ ಇಂಧನ ತುಂಬಿಸುತ್ತಿದ್ದುದೂ ಆ ಫ್ಲೋಟ್‌ಗಳಲ್ಲೇ!

ಸ್ಪಿಟ್‌ಫೈರ್ ಇದರಿಂದಲೇ ಹುಟ್ಟಿತಲ್ಲ ಎಂಬುದು ಇನ್ನೊಂದು ಆಕ್ಷೇಪ. ಎರಡನ್ನೂ ವಿನ್ಯಾಸಗೊಳಿಸಿದವರು ಆರ್.ಜೆ. ಮಿಚೆಲ್ ಎಂಬುದು ನಿಜ. ಆದರೆ ರೇಸಿನ ಗೆಲುವಿನ ನಂತರ ಅವರು ರೂಪಿಸಿದ ಮೊದಲ ಯುದ್ಧವಿಮಾನ ಟೈಪ್ 224 (1934) ನಿಧಾನಗತಿಯದಾಗಿ ಸೋತಿತು. 1936ರಲ್ಲಿ ಹಾರಿದ ಸ್ಪಿಟ್‌ಫೈರ್‌ನ ರೆಕ್ಕೆ ಹೊಸದು, ಎಂಜಿನ್ ಬೇರೆ. ರೇಸಿನಿಂದ ದಾಟಿಬಂದದ್ದು ಅನುಭವ, ವಿಮಾನವಲ್ಲ. ಜರ್ಮನಿ ಮಾತ್ರ ನೇರ ಮಾರ್ಪಾಡನ್ನೇ ಪ್ರಯತ್ನಿಸಿತು. 1939ರಲ್ಲಿ ಗಂಟೆಗೆ 755 ಕಿ.ಮೀ. ದಾಖಲೆ ಮಾಡಿದ ಮೆಸ್ಸರ್‌ಸ್ಮಿಟ್ ಮಿ 209ಕ್ಕೆ ಆಯುಧ, ಮಾಮೂಲಿ ರೇಡಿಯೇಟರ್ ಹೊರಿಸಿದಾಗ ಅದು ಆಗಲೇ ಬಳಕೆಯಲ್ಲಿದ್ದ ಬಿಎಫ್ 109ಕ್ಕಿಂತ ಮೇಲೆನಿಸಲಿಲ್ಲ. ಯೋಜನೆಯನ್ನು ಕೈಬಿಡಲಾಯಿತು.