ಬಿಡದ ಬೆನ್ನುನೋವು: ಗುಂಪಿನಲ್ಲಿ ಕಲಿಯುವ ನಿಭಾವಣೆ

ಬೆಂಗಳೂರು: ಸ್ಕ್ಯಾನಿಂಗ್ ವರದಿಯಲ್ಲಿ ಗಂಭೀರವಾದುದೇನೂ ಕಾಣುವುದಿಲ್ಲ, ನೋವು ಮಾತ್ರ ಬಿಟ್ಟುಹೋಗುವುದಿಲ್ಲ. ಬನಶಂಕರಿಯ ನಿವೃತ್ತರಿಂದ ಹಿಡಿದು ಬಿಟಿಎಂ ಬಡಾವಣೆಯಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ತರುಣರವರೆಗೆ ಈ ಸ್ಥಿತಿ ಅಪರಿಚಿತವಲ್ಲ. ಆರಂಭದಲ್ಲಿ ಕಾಳಜಿ ತೋರಿದ ಮನೆಯವರೂ ವರ್ಷ ಕಳೆದಂತೆ ‘ಇವರದ್ದು ಇದ್ದದ್ದೇ’ ಎಂದು ಸುಮ್ಮನಾಗುತ್ತಾರೆ. ನೋವಿಗಿಂತ ಈ ಅಪನಂಬಿಕೆಯೇ ಹೆಚ್ಚು ಬಾಧಿಸುವುದುಂಟು.

ಮೂರು ತಿಂಗಳಿಗೂ ಮೀರಿ ಉಳಿಯುವ ಅಥವಾ ಮರುಕಳಿಸುವ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲಿಕ ನೋವೆಂದು ಗುರುತಿಸುತ್ತದೆ. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗ ವರ್ಗೀಕರಣದಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವಿದೆ. ಗಾಯವಾದಾಗಿನ ನೋವು ಎಚ್ಚರಿಕೆಯ ಗಂಟೆಯಿದ್ದಂತೆ. ಗಾಯ ಮಾಗಿದ ಮೇಲೂ ಕೆಲವರಲ್ಲಿ ನರಮಂಡಲವು ಅತಿಸೂಕ್ಷ್ಮಗೊಂಡು ಆ ಗಂಟೆ ಬಾರಿಸುತ್ತಲೇ ಇರುತ್ತದೆ. ಕಾರಣ ಕಾಣದಿದ್ದ ಮಾತ್ರಕ್ಕೆ ಅದು ಕಲ್ಪನೆಯ ನೋವಾಗುವುದಿಲ್ಲ.

ಇಂಥ ನೋವುಳ್ಳವರನ್ನು ಒಟ್ಟಿಗೆ ಕೂರಿಸಿ ಕಲಿಸುವ ಪದ್ಧತಿ ಬೇರೂರಿದ್ದು 1970ರ ದಶಕದ ಕೊನೆಯಲ್ಲಿ, ಅಮೆರಿಕದಲ್ಲಿ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ಅವರು 1979ರಲ್ಲಿ ಧ್ಯಾನಾಧಾರಿತ ತರಗತಿಗಳನ್ನು ಆರಂಭಿಸಿದರು. ಸ್ಟ್ಯಾನ್‌ಫರ್ಡ್‌ನಲ್ಲಿ ಕೇಟ್ ಲೋರಿಗ್ ಅವರು ಸಂಧಿವಾತದ ರೋಗಿಗಳಿಗಾಗಿ ಆರು ವಾರಗಳ ಶಿಬಿರ ರೂಪಿಸಿದರು. ತರಬೇತಿ ಪಡೆದ ಸಾಮಾನ್ಯರೇ ಅದನ್ನು ನಡೆಸುತ್ತಿದ್ದರು. ಅಲ್ಲಿ ಕಂಡುಬಂದ ಅಂಶ ಕುತೂಹಲಕರ. ಯಾರು ಎಷ್ಟು ವ್ಯಾಯಾಮ ಮಾಡಿದರು ಎಂಬುದಕ್ಕಿಂತ, ‘ಇದನ್ನು ನಿಭಾಯಿಸಬಲ್ಲೆ’ ಎಂಬ ವಿಶ್ವಾಸ ಎಷ್ಟು ಬೆಳೆಯಿತು ಎಂಬುದರೊಂದಿಗೇ ಗುಣದ ನಂಟು ಹೆಚ್ಚಾಗಿತ್ತು.

ದಕ್ಷಿಣ ಬೆಂಗಳೂರಿಗೆ ಹತ್ತಿರದ ಉದಾಹರಣೆ ಬನ್ನೇರುಘಟ್ಟದಾಚೆ, ಆನೇಕಲ್ ತಾಲ್ಲೂಕಿನ ಜಿಗಣಿಯ ಬಳಿಯಿದೆ. ಅಲ್ಲಿನ ಪ್ರಶಾಂತಿ ಕುಟೀರದಲ್ಲಿರುವ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಪದ್ಮಿನಿ ತೇಕೂರ್, ಡಾ. ಆರ್. ನಾಗರತ್ನ, ಡಾ. ಎಚ್.ಆರ್. ನಾಗೇಂದ್ರ ಮತ್ತಿತರರು ದೀರ್ಘಕಾಲದ ಸೊಂಟನೋವಿನಿಂದ ಬಳಲುತ್ತಿದ್ದ 80 ಮಂದಿಯ ಮೇಲೆ ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಎಲ್ಲರೂ ಒಂದು ವಾರ ಅಲ್ಲೇ ತಂಗಿದ್ದರು. ಒಂದು ಗುಂಪಿಗೆ ಆಸನ, ಪ್ರಾಣಾಯಾಮ, ಧ್ಯಾನ ಹಾಗೂ ಯೋಗತತ್ತ್ವದ ಕುರಿತು ಉಪನ್ಯಾಸ, ಚರ್ಚೆ. ಇನ್ನೊಂದಕ್ಕೆ ದೈಹಿಕ ವ್ಯಾಯಾಮ ಮತ್ತು ಜೀವನಶೈಲಿಯ ಪಾಠ. ಬೆನ್ನಿನ ಬಾಗುವಿಕೆ ಎರಡೂ ಗುಂಪುಗಳಲ್ಲಿ ಸುಧಾರಿಸಿತು, ಯೋಗದವರಲ್ಲಿ ಹೆಚ್ಚು. ನೋವಿನಿಂದ ದೈನಂದಿನ ಕೆಲಸಗಳಿಗೆ ಆಗುವ ಅಡಚಣೆಯೂ ಯೋಗದ ಗುಂಪಿನಲ್ಲಿ ಹೆಚ್ಚು ತಗ್ಗಿತು.

ಆದರೆ ಈ ಅಳತೆ ವಾರದ ಕೊನೆಗೆ ನಿಂತಿತು ಎಂಬುದನ್ನು ಮರೆಯಲಾಗದು. ಅಡುಗೆ, ಕಚೇರಿ, ಬಸ್ಸಿನ ನೂಕುನುಗ್ಗಲು ಯಾವುದೂ ಇಲ್ಲದ ಏಳು ದಿನಗಳ ವಿಶ್ರಾಂತಿ ತಾನೇ ಒಂದು ಔಷಧ. ಮನೆಗೆ ಮರಳಿದ ಮೇಲೆ ಏನಾಗುತ್ತದೆ ಎಂಬುದೇ ನಿಜವಾದ ಪರೀಕ್ಷೆ. ಮನೆವಾರ್ತೆ ಹೊತ್ತ ಗೃಹಿಣಿಗೆ ಒಂದು ವಾರ ಹೊರಗುಳಿಯುವುದೇ ಕಷ್ಟ. ವಾರಕ್ಕೊಮ್ಮೆ ಬಡಾವಣೆಯಲ್ಲೇ ನಡೆಯುವ ತರಗತಿ ಅಂಥವರಿಗೆ ಹೆಚ್ಚು ಹೊಂದೀತು.

ಜಗತ್ತಿನ ನಾನಾ ಕಡೆ ನಡೆಯುವ ಇಂಥ ಶಿಬಿರಗಳಲ್ಲಿ ಕಲಿಸುವ ಮುಖ್ಯ ಪಾಠ ಕೆಲಸದ ಹಂಚಿಕೆ. ನೋವು ಕಡಿಮೆಯಿರುವ ದಿನ ಮನೆಯೆಲ್ಲ ಗುಡಿಸಿ, ಅಟ್ಟದ ಪಾತ್ರೆ ಇಳಿಸಿ, ಹಬ್ಬದ ಹೋಳಿಗೆಯನ್ನೂ ಬೇಯಿಸಿ ಮುಗಿಸುವವರು ಮರುದಿನ ಹಾಸಿಗೆ ಹಿಡಿಯುತ್ತಾರೆ. ಎದ್ದ ಮೇಲೆ ಮತ್ತೆ ಅದೇ. ಇದರ ಬದಲು ನೋವು ಇರಲಿ, ಇಲ್ಲದಿರಲಿ, ಗಡಿಯಾರ ನೋಡಿ ಕೆಲಸ ನಿಲ್ಲಿಸಬೇಕು. ಹತ್ತು ನಿಮಿಷ ನಿಲ್ಲಬಲ್ಲವರು ಎಂಟು ನಿಮಿಷಕ್ಕೇ ಕುಳಿತು, ವಾರವಾರ ಒಂದೊಂದು ನಿಮಿಷ ಹೆಚ್ಚಿಸಿಕೊಳ್ಳಬೇಕು. ಕೇಳಲು ಸುಲಭ, ಅರ್ಧ ಹೆಚ್ಚಿದ ತರಕಾರಿಯನ್ನು ಬಿಟ್ಟು ಏಳುವುದು ಸುಲಭವಲ್ಲ. ಪಕ್ಕದಲ್ಲಿ ಕುಳಿತವರೂ ಅದೇ ವಾರ ಅದರಲ್ಲೇ ಸೋತಿದ್ದಾರೆಂದು ತಿಳಿದಾಗ ಮತ್ತೊಮ್ಮೆ ಯತ್ನಿಸುವ ಮನಸ್ಸಾಗುತ್ತದೆ. ವೈದ್ಯರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಳಿದರೆ ಈ ಪರಿಣಾಮ ಸಿಗುವುದು ವಿರಳ. ವಾದ ಮಾಡದೆ ನಂಬುವ ಶ್ರೋತೃಗಳು ಅಲ್ಲಿದ್ದಾರೆ.

ನೋವು ಪೂರ್ತಿ ಹೋಗುತ್ತದೆಂದು ಭರವಸೆ ನೀಡುವ ಶಿಬಿರಗಳ ಬಗ್ಗೆ ಎಚ್ಚರ ಅಗತ್ಯ. ಕಾರ್ಯಕ್ರಮಕ್ಕೆ ಸೇರಿದೊಡನೆ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವುದೂ ಸಲ್ಲದು.

ಇನ್ನು, ಸೇರುವ ಮುನ್ನ ತಪಾಸಣೆ ಆಗಲೇಬೇಕು. ಬೆನ್ನುನೋವಿನೊಂದಿಗೆ ಮಲಮೂತ್ರದ ಹಿಡಿತ ತಪ್ಪಿದರೆ, ಕಾಲಿನ ಶಕ್ತಿ ಕುಂದಿದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ ಅದೇ ದಿನ ಆಸ್ಪತ್ರೆಗೆ ಧಾವಿಸಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದುದು ಇವನ್ನೂ ವೈದ್ಯರಿಗೆ ತಿಳಿಸಬೇಕು. ಜಯನಗರಕ್ಕೆ ಹೊಂದಿಕೊಂಡ ಭೈರಸಂದ್ರದಲ್ಲಿ ಸರ್ಕಾರದ ಸಂಜಯ್ ಗಾಂಧಿ ಮೂಳೆ ಚಿಕಿತ್ಸಾ ಆಸ್ಪತ್ರೆಯಿದ್ದು, ಈ ಭಾಗದವರು ಮೂಳೆ ತಜ್ಞರನ್ನು ಅಲ್ಲಿಯೇ ಕಾಣಬಹುದು.